ಅಮಾವಾಸ್ಯೆಯ ರಾತ್ರಿ ಬದಲಾದ ದರ: ತಂತ್ರಾಂಶದ ಬಿಡುಗಡೆಗೆ ಸ್ಕ್ರಿಪ್ಟೋ, ಬಿಲ್ಡ್ ಸಾಧನವೋ?

2025ರ ಸೆಪ್ಟೆಂಬರ್ 21 ಭಾನುವಾರ. ಅಂದೇ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆಯಿಡಲು ನೌಕರರು ಊರಿಗೆ ಹೋಗುವ ದಿನ. ಆ ದಿನದ ಮಧ್ಯರಾತ್ರಿ ಕಳೆಯುತ್ತಿದ್ದಂತೆ ಸರಕು ಮತ್ತು ಸೇವಾ ತೆರಿಗೆಯ ದರಪಟ್ಟಿ ದೇಶದಾದ್ಯಂತ ಬದಲಾಯಿತು. ಮೋಟಾರು ವಾಹನಗಳ ಬಿಡಿಭಾಗಗಳ ಪೈಕಿ ಶೇ. 28ರ ದರದಲ್ಲಿದ್ದವು ಶೇ. 18ಕ್ಕೆ ಇಳಿದವು. ಅವುಗಳನ್ನು ತುಂಬುವ ರಟ್ಟಿನ ಪೆಟ್ಟಿಗೆಯ ದರ ಶೇ. 12ರಿಂದ ಶೇ. 5ಕ್ಕೆ ಬಂದಿತು. ನೆರೆಯ ಚನ್ನಪಟ್ಟಣದ ಕೈಕೆಲಸದ ಗೊಂಬೆಗಳಿಗೂ ಅದೇ ಇಳಿಕೆ ದೊರೆಯಿತು. ಜಿ.ಎಸ್.ಟಿ. ಮಂಡಳಿಯ 56ನೆಯ ಸಭೆ ಈ ತೀರ್ಮಾನವನ್ನು ಕೈಗೊಂಡದ್ದು ಸೆಪ್ಟೆಂಬರ್ 3ರಂದು. ಅಧಿಸೂಚನೆ ಹೊರಬಿದ್ದದ್ದು 17ರಂದು. ಅಧಿಸೂಚನೆಯನ್ನು ಓದಿ, ತನ್ನ ಸರಕು ಯಾವ ಕೋಷ್ಟಕದಲ್ಲಿದೆ ಎಂದು ಖಚಿತಪಡಿಸಿಕೊಂಡು, ಬಿಲ್ಲಿನ ತಂತ್ರಾಂಶವನ್ನು ತಿದ್ದಲು ಉದ್ದಿಮೆದಾರನಿಗೆ ಉಳಿದದ್ದು ನಾಲ್ಕು ದಿನಗಳು.

ತೆರಿಗೆ ಇಳಿದುದಕ್ಕೆ ಎಲ್ಲರೂ ಸಂತೋಷಪಟ್ಟರು. ಇಳಿದ ದರ ಸೋಮವಾರ ಬೆಳಗಿನ ಮೊದಲ ಲಾರಿಯ ಬಿಲ್ಲಿನಲ್ಲಿ ಹೇಗೆ ಮೂಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ಬಹುತೇಕ ಕಾರ್ಖಾನೆಗಳಲ್ಲಿ ಮಾಲೀಕರು ಕೇಳಲಿಲ್ಲ. ಅದು ಗಣಕಯಂತ್ರದ ಹುಡುಗನ ಕೆಲಸವೆಂದು ಭಾವಿಸಿದರು. ಈ ಭಾವನೆ ಎಷ್ಟು ಸರಿ ಎಂಬುದು ವಿಚಾರಾರ್ಹ.

ಬಿಡದಿಯಲ್ಲಿ ಪ್ರೆಸ್ ಕೆಲಸವನ್ನೋ ರಬ್ಬರು ಅಚ್ಚಿನ ಕೆಲಸವನ್ನೋ ಮಾಡುವ, ವಾರ್ಷಿಕ ವಹಿವಾಟು 15 ಕೋಟಿ ರೂಪಾಯಿ ಮೀರದ ಒಂದು ಘಟಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಲ್ಲಿ ನಾಲ್ಕು ಗಣಕಯಂತ್ರಗಳಿರುತ್ತವೆ: ಕಚೇರಿ, ಉಗ್ರಾಣ, ರವಾನೆ ವಿಭಾಗ, ಗೇಟು. ಬಿಲ್ಲಿನ ತಂತ್ರಾಂಶವನ್ನು ಯಾರೋ ಪರಿಚಿತ ಪ್ರೋಗ್ರಾಮರ್ ಹಿಂದೆ ವಿಷುವಲ್ ಬೇಸಿಕ್‌ನಲ್ಲಿ ಬರೆದುಕೊಟ್ಟಿರುತ್ತಾನೆ, ಇಲ್ಲವೇ ಟ್ಯಾಲಿಗೆ ಟಿ.ಡಿ.ಎಲ್. ಎಂಬ ಅದರದೇ ಭಾಷೆಯಲ್ಲಿ ಕೆಲವು ಕಡತಗಳನ್ನು ಜೋಡಿಸಿ ತನ್ನ ಗ್ರಾಹಕನಿಗೆ ಬೇಕಾದ ನಮೂನೆಯಲ್ಲಿ ಬಿಲ್ಲು ಬರುವಂತೆ ಮಾಡಿರುತ್ತಾನೆ. ವಹಿವಾಟು 5 ಕೋಟಿ ರೂಪಾಯಿ ಮೀರಿರುವುದರಿಂದ 2023ರ ಆಗಸ್ಟ್ 1ರಿಂದ ಈ ಘಟಕಕ್ಕೆ ಇ-ಇನ್‌ವಾಯ್ಸ್ ಕಡ್ಡಾಯ. ಬಿಲ್ಲಿನ ವಿವರ ಪೋರ್ಟಲ್‌ಗೆ ಹೋಗಿ, 64 ಅಕ್ಷರಗಳ ಐ.ಆರ್.ಎನ್. ಸಂಖ್ಯೆಯೂ ಕ್ಯೂ.ಆರ್. ಸಂಕೇತವೂ ಮರಳಿ ಬಂದ ಮೇಲೆಯೇ ಸರಕು ಹೊರಡಬೇಕು. ಸರಕನ್ನು ಪಡೆಯುವ ದೊಡ್ಡ ಕಾರ್ಖಾನೆ ದಾಸ್ತಾನು ಇಡುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಬಿಡಿಭಾಗ ಬರಬೇಕೆಂದು ಬಯಸುತ್ತದೆ. 1999ರ ಡಿಸೆಂಬರಿನಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಈ ಶಿಸ್ತು ಇಲ್ಲಿನ ಪೂರೈಕೆದಾರರಿಗೆ ಹೊಸತಲ್ಲ.

ಈಗ ಆ ಭಾನುವಾರ ರಾತ್ರಿ ಹುಡುಗ ಪೆನ್‌ಡ್ರೈವ್ ಹಿಡಿದು ನಾಲ್ಕು ಯಂತ್ರಗಳಿಗೂ ಹೊಸ ಕಡತವನ್ನು ನಕಲು ಮಾಡುತ್ತಾನೆ ಎನ್ನೋಣ. ರವಾನೆ ವಿಭಾಗದ ಯಂತ್ರದಲ್ಲಿ ಹಳೆಯ ಕಡತ ತೆರೆದೇ ಇದ್ದುದರಿಂದ ನಕಲು ಆಗಲಿಲ್ಲ. ಪರದೆಯ ಮೇಲೆ ಬಂದ ಸೂಚನೆಯನ್ನು ಅವನು ಗಮನಿಸಲಿಲ್ಲ. ಸೋಮವಾರ ಬೆಳಿಗ್ಗೆ ಆ ಯಂತ್ರದಿಂದ ಹೊರಟ ಬಿಲ್ಲುಗಳಲ್ಲಿ ಶೇ. 28 ಎಂದೇ ಇರುತ್ತದೆ. ಗ್ರಾಹಕನ ವ್ಯವಸ್ಥೆ ಶೇ. 18ನ್ನು ನಿರೀಕ್ಷಿಸುತ್ತದೆ, ಬಿಲ್ಲನ್ನು ಒಪ್ಪುವುದಿಲ್ಲ, ಲಾರಿ ಗೇಟಿನಲ್ಲಿ ನಿಲ್ಲುತ್ತದೆ. ಹೆಚ್ಚಾಗಿ ನಮೂದಿಸಿದ ತೆರಿಗೆಯನ್ನು 34ನೆಯ ಪ್ರಕರಣದಂತೆ ಕ್ರೆಡಿಟ್ ನೋಟ್ ಮೂಲಕ ಸರಿಪಡಿಸಬೇಕು. ತೆರಿಗೆಯೆಂದು ವಸೂಲು ಮಾಡಿದ್ದನ್ನು ಸರ್ಕಾರಕ್ಕೆ ಕಟ್ಟಲೇಬೇಕೆಂದು 76ನೆಯ ಪ್ರಕರಣ ಹೇಳುತ್ತದೆ. ತಪ್ಪು ಇನ್ನೊಂದು ದಿಕ್ಕಿನಲ್ಲಿ ಆಗಿ, ತೆರಿಗೆ ಕಡಿಮೆ ಹಾಕಿದ್ದರೆ, ವ್ಯತ್ಯಾಸವನ್ನು ವರ್ಷಕ್ಕೆ ಶೇ. 18ರ ಬಡ್ಡಿಯೊಂದಿಗೆ ಕೈಯಿಂದ ತೆರಬೇಕಾಗುತ್ತದೆ. ಇಷ್ಟಕ್ಕೂ ಮೂಲ ಒಂದು ಕಡತ ಒಂದು ಯಂತ್ರಕ್ಕೆ ತಲುಪದಿದ್ದುದು.

ಇದು ಸಣ್ಣವರಿಗೆ ಮಾತ್ರ ಆಗುವ ಪ್ರಮಾದವೆಂದು ಯಾರೂ ತಿಳಿಯಬೇಕಿಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆ 2012ರಲ್ಲಿ ತನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶವನ್ನು ಹಾಕಿಸಿತು. ತಂತ್ರಜ್ಞನೊಬ್ಬ ಏಳಕ್ಕೆ ನಕಲು ಮಾಡಿ ಎಂಟನೆಯದನ್ನು ಬಿಟ್ಟ. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ, ಆ ಎಂಟನೆಯ ಸರ್ವರ್‌ನಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದೆ ಮಲಗಿದ್ದ ಹಳೆಯ ಪ್ರೋಗ್ರಾಂ ಎಚ್ಚೆತ್ತು ಕೊಳ್ಳುವ ಮಾರುವ ಆದೇಶಗಳನ್ನು ತಡೆಯಿಲ್ಲದೆ ಹೊರಡಿಸಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರ್‌ಗೂ ಮಿಗಿಲು. ಮುಂದಿನ ವರ್ಷ ಅಲ್ಲಿನ ಷೇರು ನಿಯಂತ್ರಕರು 1.2 ಕೋಟಿ ಡಾಲರ್ ದಂಡ ವಿಧಿಸಿದಾಗ ಬರೆದ ಆದೇಶದಲ್ಲಿ, ಮಾಡಿದ ಕೆಲಸವನ್ನು ಎರಡನೆಯ ತಂತ್ರಜ್ಞ ಪರಿಶೀಲಿಸಬೇಕೆಂಬ ಲಿಖಿತ ಕ್ರಮವೇ ಇರಲಿಲ್ಲ ಎಂಬುದನ್ನು ಎತ್ತಿ ತೋರಿಸಿದರು. ಒಬ್ಬ ಬರೆದ ವೋಚರನ್ನು ಇನ್ನೊಬ್ಬ ನೋಡಿ ಸಹಿ ಹಾಕಬೇಕೆಂಬುದು ಕಿರಾಣಿ ಅಂಗಡಿಯ ಗುಮಾಸ್ತನಿಗೂ ತಿಳಿದ ವಿಷಯ. ಗಣಕಯಂತ್ರದ ಕೋಣೆಗೆ ಹೋದೊಡನೆ ಅದನ್ನು ಮರೆಯುವುದೇಕೋ ತಿಳಿಯದು.

ಕೈಯಿಂದ ಮಾಡುವ ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ದಾರಿಗಳು ಎರಡು.

ಮೊದಲನೆಯದು ಸ್ಕ್ರಿಪ್ಟ್. ಮಾಡಬೇಕಾದ ಹೆಜ್ಜೆಗಳನ್ನು ಒಂದರ ಕೆಳಗೊಂದು ಬರೆದ ಪಟ್ಟಿ ಅದು: ದತ್ತಾಂಶದ ಪ್ರತಿ ತೆಗೆ, ಬಿಲ್ಲಿನ ತಂತ್ರಾಂಶವನ್ನು ಮುಚ್ಚು, ಹೊಸ ಕಡತವನ್ನು ನಾಲ್ಕೂ ಯಂತ್ರಗಳಿಗೆ ಕಳುಹಿಸು, ತಲುಪಿತೇ ನೋಡು, ಮತ್ತೆ ತೆರೆ. ವಿಂಡೋಸ್‌ನ ಬ್ಯಾಚ್ ಕಡತ, ಯುನಿಕ್ಸ್‌ನ ಶೆಲ್, 1987ರಲ್ಲಿ ಬಂದ ಪರ್ಲ್, 1991ರ ಪೈಥಾನ್, ಎಲ್ಲವೂ ಈ ಜಾತಿಯವೇ.

ಎರಡನೆಯದು ಬಿಲ್ಡ್ ಸಾಧನ. ಇಲ್ಲಿ ಹೆಜ್ಜೆಗಳ ಕ್ರಮವನ್ನು ಹೇಳುವುದಿಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಹೇಳುತ್ತಾರೆ. ಚನ್ನಪಟ್ಟಣದ ಗೊಂಬೆಯನ್ನೇ ತೆಗೆದುಕೊಳ್ಳಬಹುದು. ಬಣ್ಣದ ಗೊಂಬೆ ಬೇಕಾದರೆ ಕಡೆದ ಮರ ಬೇಕು, ಅರಗಿನ ಬಣ್ಣದ ಕಡ್ಡಿ ಬೇಕು. ಕಡೆಯಬೇಕಾದರೆ ಒಣಗಿದ ಹಾಲೆ ಮರ ಬೇಕು. ಕುಶಲಕರ್ಮಿಗೆ ಇಷ್ಟು ಹೇಳಿದರೆ ಸಾಕು, ಯಾವುದನ್ನು ಮೊದಲು ಮಾಡಬೇಕೆಂದು ಅವನೇ ಅರಿಯುತ್ತಾನೆ. ಮರ ಆಗಲೇ ಒಣಗಿದ್ದರೆ ಮತ್ತೆ ಒಣಗಿಸಲು ಹೋಗುವುದಿಲ್ಲ. ಬಣ್ಣ ಮಾತ್ರ ಬದಲಾದರೆ ಬಣ್ಣ ಹಚ್ಚುವ ಹಂತವನ್ನಷ್ಟೇ ಮತ್ತೆ ಮಾಡುತ್ತಾನೆ. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ಮೇಕ್ ಎಂಬ ಸಾಧನ ಈ ರೀತಿಯ ಮೊದಲ ಪ್ರಸಿದ್ಧ ಕೃತಿ. ಸಹೋದ್ಯೋಗಿಯೊಬ್ಬರು ದೋಷವನ್ನು ಸರಿಪಡಿಸಿದ ಮೇಲೆಯೂ ತಂತ್ರಾಂಶ ಹಾಗೆಯೇ ತಪ್ಪುತ್ತಿರಲು, ಇಡೀ ಬೆಳಗು ಹುಡುಕಾಡಿ, ತಿದ್ದಿದ ಕಡತವನ್ನು ಮತ್ತೆ ಸಂಕಲಿಸುವುದನ್ನೇ ಮರೆತಿದ್ದೇವೆಂದು ಕೊನೆಗೆ ಕಂಡುಕೊಂಡರಂತೆ. ಆ ಬೇಸರದಿಂದ ಹುಟ್ಟಿದ್ದು ಮೇಕ್. ಅದು ಕಡತಗಳ ಸಮಯವನ್ನು ಹೋಲಿಸಿ ಯಾವುದು ಹಳತಾಗಿದೆ ಎಂದು ನಿರ್ಧರಿಸುತ್ತದೆ. ಆದ್ದರಿಂದ ಕಾರ್ಖಾನೆಯ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದದಿದ್ದರೆ ಮೇಕ್ ಸಹ ದಾರಿ ತಪ್ಪುತ್ತದೆ ಎಂಬುದನ್ನೂ ಹೇಳಬೇಕು.

ಇವೆರಡರ ನಡುವಿನ ಮುಖ್ಯ ವ್ಯತ್ಯಾಸವನ್ನು ಬಿಡದಿಯವರಿಗೆ ವಿವರಿಸುವುದು ಸುಲಭ, ಏಕೆಂದರೆ ಅದು ಟೊಯೊಟಾದ ಹಳೆಯ ಪಾಠವೇ. ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ನೂಲು ಹರಿದೊಡನೆ ತಾನೇ ನಿಲ್ಲುತ್ತಿತ್ತು. ಹರಿದ ನೂಲಿನೊಂದಿಗೆ ಗಜಗಟ್ಟಲೆ ಬಟ್ಟೆ ನೇಯುವುದಕ್ಕಿಂತ ನಿಲ್ಲುವುದು ಮೇಲೆಂಬ ಆ ತತ್ತ್ವವೇ ಮುಂದೆ ಜಿಡೋಕಾ ಎಂಬ ಹೆಸರಿನಿಂದ ಮೋಟಾರು ಕಾರ್ಖಾನೆಗೆ ಬಂದಿತು. ಮೇಕ್ ಈ ವಿಷಯದಲ್ಲಿ ಟೊಯೊಡಾರ ಮಗ್ಗದಂತೆ: ಒಂದು ಹಂತ ಸೋತರೆ ಮುಂದಿನದಕ್ಕೆ ಹೋಗದು. ಬ್ಯಾಚ್ ಕಡತವಾಗಲಿ ಶೆಲ್ ಸ್ಕ್ರಿಪ್ಟ್ ಆಗಲಿ ಹಾಗಲ್ಲ. ಬೇರೆಯಾಗಿ ಹೇಳದಿದ್ದರೆ, ಮೂರನೆಯ ಸಾಲು ಸೋತರೂ ನಾಲ್ಕನೆಯದನ್ನು ನಡೆಸುತ್ತವೆ, ಕೊನೆಯಲ್ಲಿ ಮುಗಿಯಿತೆಂದು ಸಮಾಧಾನದ ಸಂದೇಶವನ್ನೂ ತೋರಿಸುತ್ತವೆ. ದತ್ತಾಂಶದ ಪ್ರತಿ ತೆಗೆಯುವ ಸಾಲು ಸೋತು, ದತ್ತಾಂಶವನ್ನು ಬದಲಿಸುವ ಸಾಲು ಗೆದ್ದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ. ಪೈಥಾನ್ ಸಾಮಾನ್ಯವಾಗಿ ದೋಷ ಕಂಡೊಡನೆ ನಿಲ್ಲುತ್ತದೆ. ಆದರೆ ಅದರೊಳಗಿಂದ ಹೊರಗಿನ ಆಜ್ಞೆಯೊಂದನ್ನು ಕರೆದಾಗ, ಅದು ಗೆದ್ದಿತೇ ಎಂದು ಪರಿಶೀಲಿಸುವಂತೆ ಬರೆದವನೇ ಸೂಚಿಸಬೇಕು. ಪ್ರೋಗ್ರಾಮರನ್ನು ಮಾಲೀಕ ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿನ್ನ ಸ್ಕ್ರಿಪ್ಟ್ ನೂಲು ಹರಿದಾಗ ನಿಲ್ಲುತ್ತದೆಯೇ? ಇದಕ್ಕೆ ತಾಂತ್ರಿಕ ಜ್ಞಾನ ಬೇಕಿಲ್ಲ. ಒಂದು ಯಂತ್ರದ ನೆಟ್‌ವರ್ಕ್ ತಂತಿಯನ್ನು ಕಿತ್ತು, ಸ್ಕ್ರಿಪ್ಟನ್ನು ನಡೆಸಿ ತೋರಿಸೆಂದರೆ ಉತ್ತರ ಎರಡು ನಿಮಿಷಗಳಲ್ಲಿ ದೊರೆಯುತ್ತದೆ.

ಆ ಟೊಯೊಟಾವೇ 2023ರ ಆಗಸ್ಟ್ 29ರಂದು ಜಪಾನಿನ ತನ್ನ 14 ಜೋಡಣಾ ಕಾರ್ಖಾನೆಗಳನ್ನು ನಿಲ್ಲಿಸಬೇಕಾಯಿತು. ಎರಡು ದಿನ ಮೊದಲು ನಡೆದ ನಿಯಮಿತ ನಿರ್ವಹಣೆಯಲ್ಲಿ ದತ್ತಾಂಶವನ್ನು ಅಳಿಸಿ ಅಣಿಗೊಳಿಸುವಾಗ ಡಿಸ್ಕಿನಲ್ಲಿ ಸ್ಥಳ ಸಾಲದೆ, ಬಿಡಿಭಾಗಗಳ ಆದೇಶದ ವ್ಯವಸ್ಥೆ ನಿಂತುಹೋಗಿತ್ತು. ಪರ್ಯಾಯವಾಗಿದ್ದ ಸರ್ವರ್ ಕೂಡ ಅದೇ ವ್ಯವಸ್ಥೆಯಲ್ಲಿದ್ದುದರಿಂದ ಅದಕ್ಕೂ ಅದೇ ಗತಿಯಾಯಿತು. ಹೆಚ್ಚು ಸಾಮರ್ಥ್ಯದ ಸರ್ವರ್‌ಗೆ ದತ್ತಾಂಶವನ್ನು ಸಾಗಿಸಿದ ಮೇಲೆ ಮರುದಿನ ಕೆಲಸ ಆರಂಭವಾಯಿತು. ಡಿಸ್ಕಿನಲ್ಲಿ ಸ್ಥಳವಿದೆಯೇ ಎಂದು ಮೊದಲೇ ನೋಡುವುದು ಸ್ಕ್ರಿಪ್ಟಿನಲ್ಲಿ ಒಂದೆರಡು ಸಾಲಿನ ಕೆಲಸ.

ಹಾಗಾದರೆ ಬಿಲ್ಡ್ ಸಾಧನವೇ ಉತ್ತಮವೆಂದು ಹೇಳಿಬಿಡಬಹುದೇ? ಇತಿಹಾಸ ಅಷ್ಟು ಸರಳವಾಗಿಲ್ಲ. 2000ದಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಜಾವಾ ತಂತ್ರಾಂಶಗಳಿಗಾಗಿ ಆಂಟ್ ಎಂಬ ಬಿಲ್ಡ್ ಸಾಧನವನ್ನು ಹೊರತಂದರು. ಅದರ ಸೂಚನೆಗಳನ್ನು ಎಕ್ಸ್.ಎಂ.ಎಲ್. ರೂಪದಲ್ಲಿ ಬರೆಯಬೇಕು. ಚಿಕ್ಕ ಕೆಲಸಕ್ಕೆ ಅದು ಸೊಗಸಾಗಿತ್ತು. ಬಳಸುವವರಿಗೆ ಕ್ರಮೇಣ ಷರತ್ತುಗಳು ಬೇಕಾದವು, ಪುನರಾವರ್ತನೆ ಬೇಕಾಯಿತು, ಎಕ್ಸ್.ಎಂ.ಎಲ್.ನ ಪುಟಗಳು ಬೆಳೆದು ಓದಲಾಗದಂತಾದವು. ಆಗ ತಿಳಿದಿದ್ದರೆ ನಿಜವಾದ ಸ್ಕ್ರಿಪ್ಟಿಂಗ್ ಭಾಷೆಯನ್ನೇ ಬಳಸುತ್ತಿದ್ದೆನೆಂದು ಡೇವಿಡ್‌ಸನ್ ಅವರೇ ಮುಂದೆ ಬರೆದರು. ಅನಂತರ ಬಂದ ಗ್ರೇಡಲ್ ಎಂಬ ಸಾಧನ ಅವಲಂಬನೆಯ ತತ್ತ್ವವನ್ನು ಉಳಿಸಿಕೊಂಡು ಸೂಚನೆಗಳನ್ನು ಗ್ರೂವಿ ಎಂಬ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಬರೆಯಲು ಅವಕಾಶ ಕೊಟ್ಟಿತು. ಜಗಳವಾಡುತ್ತಿದ್ದ ಎರಡು ಮನೆಗಳು ಬೀಗತನ ಬೆಳೆಸಿದಂತಾಯಿತು.

ಜಗಳಕ್ಕೆ ಮೂಲವೆಂದರೆ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೆಂದು ಎಣಿಸಿದ್ದು. ತಂತ್ರಾಂಶವನ್ನು ಕಟ್ಟುವುದು ಒಂದು, ಕಟ್ಟಿದ್ದನ್ನು ತಲುಪಿಸುವುದು ಇನ್ನೊಂದು. ನೂರಾರು ಕಡತಗಳನ್ನು ಸಂಕಲಿಸಿ ಒಂದು ತಂತ್ರಾಂಶವಾಗಿ ಮಾಡುವಾಗ ಅವಲಂಬನೆಯೇ ಮುಖ್ಯ. ಅಲ್ಲಿ ಬಿಲ್ಡ್ ಸಾಧನ ಇಲ್ಲದೆ ನಡೆಯದು. ಕಟ್ಟಿದ ತಂತ್ರಾಂಶವನ್ನು ನಾಲ್ಕು ಯಂತ್ರಗಳಿಗೆ ಹಾಕುವಾಗ ಕ್ರಮವೇ ಮುಖ್ಯ. ಅದಕ್ಕೆ ಸ್ಕ್ರಿಪ್ಟ್ ಸಹಜವಾದ ರೂಪ. ಕಾರ್ಖಾನೆಯಲ್ಲಿ ಉತ್ಪಾದನೆ ಮತ್ತು ರವಾನೆ ಬೇರೆ ಬೇರೆ ವಿಭಾಗಗಳಾಗಿರುವುದನ್ನು ಕಂಡ ಉದ್ದಿಮೆದಾರನಿಗೆ ಇದು ಹೊಳೆಯದ ಮಾತಲ್ಲ. ಆದ್ದರಿಂದ ಒಬ್ಬಿಬ್ಬರು ಪ್ರೋಗ್ರಾಮರ್‌ಗಳನ್ನು ನೆಚ್ಚಿ ಬೆರಳೆಣಿಕೆಯ ಯಂತ್ರಗಳನ್ನು ನಡೆಸುವ ಬಿಡದಿಯ ಸಣ್ಣ ಘಟಕಕ್ಕೆ ದೋಷ ಕಂಡಾಗ ನಿಲ್ಲುವ, ಓದಿದರೆ ಅರ್ಥವಾಗುವ ಒಂದು ಸ್ಕ್ರಿಪ್ಟ್ ಧಾರಾಳವಾಗಿ ಸಾಕು. ಅಂಥ ಘಟಕದಲ್ಲಿ ಮೇವೆನ್, ಜೆಂಕಿನ್ಸ್ ಮುಂತಾದ ಭಾರಿ ಸಾಧನಗಳನ್ನು ಕೂರಿಸುವುದು ಹತ್ತು ಟನ್ನಿನ ಕೆಲಸಕ್ಕೆ ಇನ್ನೂರು ಟನ್ನಿನ ಪ್ರೆಸ್ ತಂದಂತೆ. ಹಲವಾರು ಗ್ರಾಹಕರಿಗೆ ತಂತ್ರಾಂಶ ಮಾರುವ ಸಂಸ್ಥೆಯ ಮಾತು ಬೇರೆ. ಗ್ರಾಹಕನಿಗೊಂದು ಆವೃತ್ತಿಯಿದ್ದು ಐದಾರು ಜನ ಒಂದೇ ಕಡತವನ್ನು ತಿದ್ದುವೆಡೆಯಲ್ಲಿ ಸ್ಕ್ರಿಪ್ಟನ್ನು ಮಾತ್ರ ನೆಚ್ಚುವುದು ಅವಿವೇಕ.

ಈ ಸಾಧನಗಳಲ್ಲಿ ಹೆಚ್ಚಿನವು ಉಚಿತ. ಅದೇ ಒಂದು ಅಪಾಯ. ಖರೀದಿ ಆದೇಶವಿಲ್ಲದ ವೆಚ್ಚ ಮಾಲೀಕನ ಕಣ್ಣಿಗೆ ಬೀಳುವುದಿಲ್ಲ. ಮೇಕ್‌ಗೆ ಬಿಲ್ಲಿಲ್ಲ, ಪೈಥಾನ್‌ಗೆ ಬಿಲ್ಲಿಲ್ಲ. ಅವುಗಳನ್ನು ಕಲಿಯಲು, ಹೊಂದಿಸಲು, ಕೆಟ್ಟಾಗ ಸರಿಪಡಿಸಲು ಹೋದ ದಿನಗಳು ಸಂಬಳದ ಖಾತೆಯಲ್ಲಿ ಕರಗಿಹೋಗಿರುತ್ತವೆ. ಉಚಿತವಾದುದಕ್ಕೂ ಮುಪ್ಪಿದೆ. ಪೈಥಾನಿನ ಎರಡನೆಯ ಪೀಳಿಗೆಗೆ 2020ರ ಜನವರಿ 1ರಿಂದ ಬೆಂಬಲ ನಿಂತಿತು. ಅದರಲ್ಲಿ ಬರೆದ ಸ್ಕ್ರಿಪ್ಟುಗಳಲ್ಲಿ ಅನೇಕವು ಮೂರನೆಯ ಪೀಳಿಗೆಯಲ್ಲಿ ತಿದ್ದದೆ ನಡೆಯವು. ಅದೇ ತಿಂಗಳಲ್ಲಿ ಮೇವೆನ್‌ನ ಕೇಂದ್ರ ಭಂಡಾರ ಸುರಕ್ಷಿತವಲ್ಲದ ಹಳೆಯ ಸಂಪರ್ಕ ವಿಧಾನವನ್ನು ನಿಲ್ಲಿಸಿದಾಗ, ವರ್ಷಗಳಿಂದ ಯಾರೂ ಮುಟ್ಟದೆ ನಡೆಯುತ್ತಿದ್ದ ಬಿಲ್ಡ್‌ಗಳು ಒಮ್ಮೆಲೇ ಮುರಿದುಬಿದ್ದವು. ಎಂದರೆ ಸವಕಳಿ ಎರಡು ಕಡೆಗೂ ಇದೆ.

ಭಾಷೆಯ ಆಯ್ಕೆಯಲ್ಲಿ ಪ್ರೋಗ್ರಾಮರನ ಇಷ್ಟಕ್ಕಿಂತ ಅವನ ಉತ್ತರಾಧಿಕಾರಿಯ ಅನುಕೂಲ ಮುಖ್ಯ. ಬಿಡದಿಯಿಂದ ಬೆಂಗಳೂರು ದೂರವಿಲ್ಲ. ಎರಡು ವರ್ಷ ಅನುಭವ ಗಳಿಸಿದ ಹುಡುಗ ಹೆಚ್ಚಿನ ಸಂಬಳಕ್ಕೆ ಎಲೆಕ್ಟ್ರಾನಿಕ್ ಸಿಟಿಗೆ ಹೋದರೆ ಅವನನ್ನು ದೂಷಿಸುವಂತಿಲ್ಲ. ಅವನು ಪರ್ಲ್‌ನಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟ ಸ್ಕ್ರಿಪ್ಟನ್ನು ಓದಬಲ್ಲವರು ಕಾರ್ಖಾನೆಯಲ್ಲಿ ಯಾರೂ ಉಳಿಯದಿದ್ದರೆ ತಪ್ಪು ಮಾಲೀಕನದು. ಈ ದೃಷ್ಟಿಯಿಂದ, ಹಳ್ಳಿಯ ಡಿಪ್ಲೊಮಾ ಕಾಲೇಜಿನಿಂದ ಬಂದವನೂ ಓದಬಲ್ಲ ಪೈಥಾನ್ ಅಥವಾ ವಿಂಡೋಸ್‌ನೊಂದಿಗೇ ಬರುವ ಪವರ್‌ಶೆಲ್ ಮೇಲು.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಇನ್ನೊಂದು ಸಂಗತಿ ಇದೆ. ಇದನ್ನು ಉದ್ದಿಮೆದಾರರು ಇನ್ನೂ ಗಂಭೀರವಾಗಿ ಪರಿಗಣಿಸಿದಂತಿಲ್ಲ. ಕಂಪನಿಗಳ ಲೆಕ್ಕಪತ್ರಗಳ ನಿಯಮಗಳು, 2014ರ 3ನೆಯ ನಿಯಮಕ್ಕೆ ಮಾಡಿದ ತಿದ್ದುಪಡಿ ಎರಡು ಬಾರಿ ಮುಂದೂಡಲ್ಪಟ್ಟು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಪ್ರತಿಯೊಂದು ಕಂಪನಿಯ ಲೆಕ್ಕದ ತಂತ್ರಾಂಶ ಪ್ರತಿಯೊಂದು ಬದಲಾವಣೆಯ ಜಾಡನ್ನು ದಿನಾಂಕಸಹಿತ ದಾಖಲಿಸಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸಲಾಗದಂತಿರಬೇಕು. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಇದು ಅನ್ವಯಿಸದು. ಖಾಸಗಿ ಕಂಪನಿ ಎಷ್ಟೇ ಚಿಕ್ಕದಾದರೂ ಅನ್ವಯಿಸುತ್ತದೆ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಇದರ ಬಗ್ಗೆ ಹೇಳಲೇಬೇಕು. ಈಗ ಬಿಡುಗಡೆಯ ಸ್ಕ್ರಿಪ್ಟ್ ನೇರವಾಗಿ ದತ್ತಾಂಶದ ಕೋಷ್ಟಕಕ್ಕೆ ಕೈಹಾಕಿ ತೆರಿಗೆಯ ದರವನ್ನು ಬದಲಿಸಿತು ಎನ್ನೋಣ. ತಂತ್ರಾಂಶದ ಪರದೆಯ ಮೂಲಕ ಬದಲಾವಣೆ ನಡೆಯದ ಕಾರಣ ಜಾಡಿನ ದಾಖಲೆಯಲ್ಲಿ ಅದು ಮೂಡುವುದಿಲ್ಲ. ಉದ್ದೇಶ ಶುದ್ಧವಾಗಿಯೇ ಇದ್ದಿರಬಹುದು; ಹಿಂಬಾಗಿಲಿನಿಂದ ದತ್ತಾಂಶವನ್ನು ಬದಲಿಸಬಹುದೆಂಬುದಕ್ಕೆ ಆ ಸ್ಕ್ರಿಪ್ಟೇ ಸಾಕ್ಷಿಯಾಗುತ್ತದೆ. ಸ್ಕ್ರಿಪ್ಟುಗಳನ್ನು ಗಿಟ್‌ನಂತಹ ಆವೃತ್ತಿ ನಿರ್ವಹಣೆಯ ವ್ಯವಸ್ಥೆಯಲ್ಲಿಟ್ಟು, ಯಾರು ಯಾವಾಗ ಯಾವ ಸಾಲನ್ನು ತಿದ್ದಿದರೆಂಬುದನ್ನು ಉಳಿಸಿಕೊಂಡ ಘಟಕ ಈ ಪ್ರಶ್ನೆಗೆ ತಲೆಯೆತ್ತಿ ಉತ್ತರಿಸಬಲ್ಲದು. ಹುಡುಗನ ಡೆಸ್ಕ್‌ಟಾಪಿನ ಮೇಲೆ 'ಹೊಸದು', 'ಹೊಸದು 2', 'ಕೊನೆಯದು' ಎಂಬ ಹೆಸರಿನ ಕಡತಗಳಿರುವ ಘಟಕಕ್ಕೆ ಅದು ಸಾಧ್ಯವಾಗದು.

ತೆರಿಗೆಯ ದರ ಸ್ಕ್ರಿಪ್ಟಿನಲ್ಲೂ ಇರಬಾರದು, ತಂತ್ರಾಂಶದ ಸಾಲುಗಳಲ್ಲೂ ಇರಬಾರದು. ಸರಕಿನ ಸಂಖ್ಯೆ, ದರ, ಯಾವ ದಿನದಿಂದ, ಯಾವ ದಿನದವರೆಗೆ ಎಂಬ ಕೋಷ್ಟಕದಲ್ಲಿರಬೇಕು. ಆಗಸ್ಟಿನಲ್ಲಿ ಶೇ. 28ರ ದರದಲ್ಲಿ ಹೋದ ಸರಕು ನವೆಂಬರಿನಲ್ಲಿ ತಿರಸ್ಕೃತವಾಗಿ ಮರಳಿದರೆ ಕ್ರೆಡಿಟ್ ನೋಟ್ ಶೇ. 28ರಲ್ಲಿಯೇ ಆಗಬೇಕು. 28ನ್ನು ಅಳಿಸಿ 18 ಎಂದು ಬರೆದ ತಂತ್ರಾಂಶಕ್ಕೆ ಹಳೆಯ ದರದ ನೆನಪೇ ಇರದು. ಕೋಷ್ಟಕವಿದ್ದ ಕಡೆ 2025ರ ಆ ಅಮಾವಾಸ್ಯೆಯ ರಾತ್ರಿ ಯಾರೂ ಎಚ್ಚರವಿರಬೇಕಾಗಿರಲಿಲ್ಲ. ಗುರುವಾರವೇ ಲೆಕ್ಕದ ವಿಭಾಗದವರು ಪರದೆಯ ಮೇಲೆ ಹೊಸ ಸಾಲನ್ನು ತುಂಬಿ, ಜಾಡಿನ ದಾಖಲೆಯಲ್ಲಿ ತಮ್ಮ ಹೆಸರನ್ನೂ ಮೂಡಿಸಿ, ಊರಿಗೆ ಹೋಗಬಹುದಾಗಿತ್ತು.

ಹಾಗೆಂದು ಬಿಡುಗಡೆಯ ಕೆಲಸ ತಪ್ಪುವುದಿಲ್ಲ. ದರವಲ್ಲದ ಬದಲಾವಣೆಗಳೇ ಹೆಚ್ಚು. 2025ರ ಏಪ್ರಿಲ್ 1ರಿಂದ 10 ಕೋಟಿ ರೂಪಾಯಿಗೂ ಹೆಚ್ಚು ವಹಿವಾಟಿನವರು 30 ದಿನಗಳೊಳಗೆ ಇ-ಇನ್‌ವಾಯ್ಸ್ ದಾಖಲಿಸಬೇಕೆಂದಾಯಿತು. ಅದೇ ವರ್ಷ ಜೂನ್ 1ರಿಂದ ಬಿಲ್ಲಿನ ಸಂಖ್ಯೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ಪೋರ್ಟಲ್ ಕೈಬಿಟ್ಟಿತು. ಇಂಥವಕ್ಕೆ ತಂತ್ರಾಂಶವನ್ನೇ ತಿದ್ದಿ ಎಲ್ಲ ಯಂತ್ರಗಳಿಗೂ ತಲುಪಿಸಬೇಕು. ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಪರೀಕ್ಷೆಗೆಂದೇ ಪ್ರತ್ಯೇಕವಾದ ಪೋರ್ಟಲ್ ಇದೆ. ಅಸಲಿ ಬಿಲ್ಲು ಕಳುಹಿಸುವ ಮೊದಲು ಅಲ್ಲಿ ನಾಲ್ಕು ಸುಳ್ಳು ಬಿಲ್ಲು ಕಳುಹಿಸಿ ನೋಡಲು ಸ್ಕ್ರಿಪ್ಟಿಗೆ ಕಲಿಸುವುದು ಕಷ್ಟವಲ್ಲ. ಯಾವ ಬದಲಾವಣೆಯೂ ಇಲ್ಲದ ಒಂದು ಶನಿವಾರ ಮಧ್ಯಾಹ್ನವನ್ನು ಆರಿಸಿಕೊಂಡು, ಸ್ಕ್ರಿಪ್ಟನ್ನು ಬರೆದವನನ್ನು ಮನೆಗೆ ಕಳುಹಿಸಿ, ಉಗ್ರಾಣದ ಗುಮಾಸ್ತನ ಕೈಯಲ್ಲಿ ಅದನ್ನು ನಡೆಸಿ ನೋಡಬಹುದು. ಅವನು ಎಲ್ಲಿ ತಡೆದು ನಿಂತನೋ ಅಲ್ಲಿ ಒಂದು ಸಾಲು ವಿವರಣೆ ಸೇರಿಸಬೇಕು. ಆ ದಿನದ ಹಾಳೆಯ ಮೇಲೆ ಬರೆದವನ ಸಹಿಯ ಪಕ್ಕದಲ್ಲಿ ನಡೆಸಿದವನ ಸಹಿಯೂ ಇರಲಿ. ಮುಂದಿನ ಪರಿಶೋಧನೆಯಲ್ಲಿ ಆ ಹಾಳೆಯನ್ನು ಕೇಳುವವರಿದ್ದಾರೆ.